ಚೀಟಿ ಹಚ್ಚದ ಬೇರಿಂಗ್ ಕಾಗದ ಬೇಡ ಎನ್ನುವ ಹಕ್ಕು ಇ-ಮೇಲ್‌ಗೂ ಇರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಾನು ರೈಲ್ವೆ ಮೇಲ್ ಸರ್ವಿಸ್‌ನಲ್ಲಿ, ನಾವೆಲ್ಲ ಆರ್‌ಎಂಎಸ್ ಅನ್ನುತ್ತಿದ್ದ ಇಲಾಖೆಯಲ್ಲಿ, 36 ವರ್ಷ ಕಾಗದ ವಿಂಗಡಿಸಿ 2019ರಲ್ಲಿ ನಿವೃತ್ತನಾದವನು. ಊರು ಅರಸೀಕೆರೆ. ಹಿಂದೆ ನಿಮ್ಮ ಪತ್ರಿಕೆಗೆ ಐವತ್ತು ಪೈಸೆ ಕಾರ್ಡಿನಲ್ಲಿ ಬರೆಯುತ್ತಿದ್ದೆ. ಬೀದಿದೀಪ, ಚರಂಡಿ, ಪ್ಲಾಟ್‌ಫಾರ್ಮಿನ ಒಣಗಿದ ನಲ್ಲಿ, ಇಂಥವೇ. ಕಾರ್ಡಿನಲ್ಲಿ ಜಾಗ ಮುಗಿದ ಕಡೆ ನನ್ನ ಮಾತೂ ಮುಗಿಯುತ್ತಿತ್ತು. ಈಗ ಇ-ಮೇಲ್‌ನಲ್ಲಿ ಬರೆಯುತ್ತಿರುವುದರಿಂದ ಉದ್ದವಾಗಿದೆ. ಎಲ್ಲಿ ಬೇಕೋ ಅಲ್ಲಿ ಕತ್ತರಿ ಹಾಕಿ, ಬೇಜಾರಿಲ್ಲ.

ವಿಷಯ ಏನೆಂದರೆ, ಜಾಹೀರಾತಿನ ಇ-ಮೇಲ್‌ಗಳ ರಾಶಿಯಲ್ಲಿ ಬೇಕಾದ ಕಾಗದ ಕಣ್ಣಿಗೆ ಬೀಳದೆ, ಕಳೆದ ಮಾರ್ಚ್‌ನಲ್ಲಿ ನಮ್ಮಿಬ್ಬರ ಆರೋಗ್ಯ ವಿಮೆ ಕೈತಪ್ಪಿತು. ಒಂಬತ್ತು ವರ್ಷ ಒಂದು ಸಲವೂ ತಪ್ಪದೆ ಕಟ್ಟಿದ್ದೆ. ಕಂತಿನ ಕೊನೆ ದಿನ ಮಾರ್ಚ್ 11, ಆಮೇಲೆ ಮೂವತ್ತು ದಿನ ರಿಯಾಯಿತಿ ಅವಧಿ. ನನಗೆ ನೆನಪಾದದ್ದು ಏಪ್ರಿಲ್ 17ಕ್ಕೆ, ಅದೂ ಮನೆಯವಳ ಮೊಣಕಾಲು ತೋರಿಸಲು ಹಾಸನಕ್ಕೆ ಹೋದಾಗ, ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೇಳಿದಾಗ. ಮೊದಲಿನ ಏಜೆಂಟ್ ಆ ಕೆಲಸ ಬಿಟ್ಟು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಕಂಪನಿಗೆ ಫೋನ್ ಮಾಡಿದರೆ, "ಸರ್, ಮೂರು ಸಲ ಮೇಲ್ ಕಳಿಸಿದ್ದೇವೆ" ಎಂದರು. ಎಸ್‌ಎಂಎಸ್ ಹೋಗಿದ್ದು ನಾನು ಎಂದೋ ಬಿಟ್ಟ ಹಳೇ ನಂಬರಿಗೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ತಪಾಸಣೆ ಮಾಡಿಸಬೇಕು, ನನ್ನ ಬಿ.ಪಿ.ಗೂ ಅವಳ ಸಕ್ಕರೆಗೂ ಕಾಯುವ ಅವಧಿ ಮೊದಲಿಂದ ಶುರು, ಮೂರು ವರ್ಷ.

ಮನೆಗೆ ಬಂದು ಹುಡುಕಿದೆ. ಮೇಲ್ ಬಂದಿದ್ದು ನಿಜ. ಫೆಬ್ರವರಿಯಿಂದ ಏಪ್ರಿಲ್ ಹತ್ತರವರೆಗೆ ಆ ಕಂಪನಿಯಿಂದ 31 ಮೇಲ್ ಬಂದಿದ್ದವು. ಅದರಲ್ಲಿ 28 ಯುಗಾದಿ ಶುಭಾಶಯ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ, ಉಪ್ಪಿನಕಾಯಿ ಕಡಿಮೆ ತಿನ್ನಿ, ಕಾರಿನ ವಿಮೆ ತಗೊಳ್ಳಿ (ನಮ್ಮ ಹತ್ತಿರ ಇರುವುದು ಸೈಕಲ್) ಎಂಬಂಥವು. ಮಿಕ್ಕ ಮೂರು ಮಾತ್ರ ನಮ್ಮ ಪಾಲಿಸಿಯವು. ಮೂವತ್ತೊಂದಕ್ಕೂ ಒಂದೇ ಹೆಸರು, ಒಂದೇ ಬಣ್ಣ, ಒಂದೇ ಇಂಗ್ಲಿಷು. ತಪ್ಪು ನನ್ನದೂ ಹೌದು, ಡೈರಿಯಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು. ಮನೆಯವಳು ಕೇಳಿದ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ: "ಮೂವತ್ತಾರು ವರ್ಷ ಊರೋರ ಕಾಗ್ದನೆಲ್ಲ ಸರಿಯಾದ ಊರಿಗೆ ಕಳಿಸಿದ್ರಿ. ನಮ್ಮನೆ ಕಾಗ್ದ ಒಂದು ನೋಡ್ಕೊಳ್ಳೋಕಾಗ್ಲಿಲ್ವಾ?"

ಅವತ್ತು ನನ್ನ ಇನ್‌ಬಾಕ್ಸ್ ಪಕ್ಕದಲ್ಲಿ ಇದ್ದ ಸಂಖ್ಯೆ 38,614. ತೆರೆಯದ ಮೇಲ್‌ಗಳ ಲೆಕ್ಕ ಅದು.

ಆ ಖಾತೆಯನ್ನು 2008ರಲ್ಲಿ ತೆರೆದುಕೊಟ್ಟವನು ನನ್ನ ಮಗ. ಆಗ ಅವನು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. "ಅಪ್ಪ, ಇದರಲ್ಲಿ ಏನನ್ನೂ ಅಳಿಸಬೇಕಾಗಿಲ್ಲ, ಎಲ್ಲ ಇಟ್ಕೋಬಹುದು" ಅಂದಿದ್ದ. ಹುಡುಗ ಸುಳ್ಳು ಹೇಳಿರಲಿಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗ ಪ್ರತಿಯೊಬ್ಬರಿಗೂ ಒಂದು ಜಿಬಿ ಜಾಗ ಅಂದಿದ್ದಕ್ಕೆ ಜನ ಇದು ಏಪ್ರಿಲ್ ಫೂಲ್ ಇರಬೇಕು ಅಂದುಕೊಂಡರಂತೆ. ಅಲ್ಲಿಯವರೆಗೆ ಹಾಟ್‌ಮೇಲ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತಿದ್ದದ್ದು ಎರಡು ಎಂಬಿ. ಎರಡು ಎಂಬಿ ಇದ್ದವನು ಓದಿದ ಕೂಡಲೇ ಅಳಿಸುತ್ತಿದ್ದ. ಈಗ ಹದಿನೈದು ಜಿಬಿ. ಅಟ್ಟ ದೊಡ್ಡದಾದ ಮನೆಯಲ್ಲಿ ಮುರಿದ ಕುರ್ಚಿ ಎಸೆಯುವವರು ಯಾರು?

ಸಿಟ್ಟಿಗೆ ಎಲ್ಲವನ್ನೂ ಒಂದೇ ಸಲ ಅಳಿಸಿಬಿಡಲು ಹೊರಟಿದ್ದೆ. ಆದರೆ ಕೈ ಬರಲಿಲ್ಲ. ಕಾಗದ ನಾಶ ಮಾಡುವುದು ನಮ್ಮ ಇಲಾಖೆಯಲ್ಲಿ ಅಪರಾಧ. ವಿಳಾಸ ಗೊತ್ತಾಗದ, ಕಳಿಸಿದವರ ಹೆಸರೂ ಇಲ್ಲದ ಕಾಗದಕ್ಕೂ ಆರ್‌ಎಲ್‌ಒ, ಅಂದರೆ ರಿಟರ್ನ್ಡ್ ಲೆಟರ್ ಆಫೀಸ್ ಅಂತ ಒಂದು ಕಚೇರಿ ಇತ್ತು. ಅಲ್ಲಿ ಒಡೆದು ನೋಡಿ, ಒಳಗೆ ಏನಾದರೂ ಸುಳಿವು ಸಿಕ್ಕರೆ ಕಳಿಸಿದವರಿಗೆ ಮುಟ್ಟಿಸುತ್ತಿದ್ದರು.

ಆದ್ದರಿಂದ ಹಳೇ ಕಸುಬನ್ನೇ ತೆಗೆದೆ. ನಿಮ್ಮ ಓದುಗರಲ್ಲಿ ಎಷ್ಟೋ ಜನರ ಡಬ್ಬಿ ನನ್ನ ಹಾಗೆಯೇ ತುಂಬಿರುತ್ತದೆ ಅಂತ ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ರಾತ್ರಿ ಗಾಡಿಯ ಅಂಚೆ ಬೋಗಿಯಲ್ಲಿ ನಿಂತು ವಿಂಗಡಿಸುತ್ತಿದ್ದೆವು. ಬೋಗಿಯ ಎರಡು ಗೋಡೆಗೂ ಮರದ ಗೂಡುಗಳು. ಒಂದೊಂದು ಗೂಡಿಗೆ ಒಂದೊಂದು ಊರಿನ ಚೀಟಿ. ಅರಗಿನ ವಾಸನೆ, ಸೆಣಬಿನ ಚೀಲದ ಧೂಳು, ಗಾಡಿ ತೂಗುವುದಕ್ಕೆ ತಕ್ಕ ಹಾಗೆ ಕಾಲು ಅಗಲಿಸಿ ನಿಲ್ಲಬೇಕು. ಬೀರೂರು ಬರುವಷ್ಟರಲ್ಲಿ ಬೀರೂರಿನ ಚೀಲ ಕಟ್ಟಿ ಸೀಲು ಒತ್ತಿರಬೇಕು. ಗಾಡಿ ನಮಗಾಗಿ ಕಾಯುವುದಿಲ್ಲ. ಸೇರಿದ ಹೊಸದರಲ್ಲಿ ನಾನು ಒಂದೊಂದು ಕವರನ್ನೂ ಮೇಲಿಂದ ಕೆಳಗೆ ಓದುತ್ತಿದ್ದೆ. ನಮ್ಮ ಹೆಡ್ ಸಾರ್ಟರ್ ಬೆನ್ನಿಗೊಂದು ತಟ್ಟಿ, "ಶ್ರೀಮತಿ, ಚಿರಂಜೀವಿ ಎಲ್ಲ ಓದ್ತಾ ಕೂತ್ರೆ ತುಮಕೂರು ಬರುತ್ತಯ್ಯ. ಕೊನೇ ಸಾಲು ನೋಡು, ಒಗಿ" ಅಂದರು. ಪಿನ್‌ಕೋಡಿನ ಮೊದಲ ಮೂರು ಅಂಕಿ ನೋಡಿದರೆ ಸಾಕು. 573 ಅಂದರೆ ಹಾಸನ, 575 ಮಂಗಳೂರು, 580 ಹುಬ್ಬಳ್ಳಿ-ಧಾರವಾಡ. ಮೊದಲ ಸುತ್ತಿನಲ್ಲಿ ದಿಕ್ಕು ಮಾತ್ರ, ಎರಡನೇ ಸುತ್ತಿನಲ್ಲಿ ಊರು.

ಇ-ಮೇಲ್‌ನಲ್ಲಿ ಎಲ್ಲ ಕಾಗದವೂ ನನಗೇ ಬಂದಿದ್ದು, ಹಾಗಾಗಿ "ಯಾರಿಗೆ" ನೋಡಿ ಪ್ರಯೋಜನವಿಲ್ಲ. "ಯಾರಿಂದ" ಎನ್ನುವುದೇ ಇಲ್ಲಿನ ಪಿನ್‌ಕೋಡ್. ನಾವೆಲ್ಲ ಮಾಡುವ ತಪ್ಪು ಏನೆಂದರೆ ಮೇಲಿಂದ ತಾರೀಖಿನ ಪ್ರಕಾರ ಒಂದೊಂದನ್ನೇ ಅಳಿಸುತ್ತಾ ಬರುವುದು. ಅದೂ ಫೋನಿನಲ್ಲಿ, ಹೆಬ್ಬೆರಳಿನಿಂದ. ಬಸ್ ಸ್ಟ್ಯಾಂಡಿನಲ್ಲಿ ಕೂತು ನೂರು ಅಳಿಸುತ್ತೀರಿ, ಮನೆ ಸೇರುವಷ್ಟರಲ್ಲಿ ಮೂವತ್ತು ಬಂದಿರುತ್ತದೆ. ಈ ಕೆಲಸಕ್ಕೆ ಫೋನು ಬೇಡ, ಕಂಪ್ಯೂಟರೇ ಬೇಕು. ಮಗನ ಹಳೇ ಲ್ಯಾಪ್‌ಟಾಪ್ ಇಳಿಸಿ ಊಟದ ಮೇಲೆ ದಿನಾ ಎರಡು ಗಂಟೆ, ಮೂರು ವಾರ ಕೂತೆ.

ಹುಡುಕುವ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಫ್ರಮ್ ಎಂದು ಬರೆದು, ಕೋಲನ್ ಹಾಕಿ, ಕಳಿಸಿದವರ ಹೆಸರು ಹೊಡೆದರೆ ಆ ಒಬ್ಬರಿಂದ ಬಂದದ್ದೆಲ್ಲ ಒಟ್ಟಿಗೆ ಬರುತ್ತದೆ. ಮೇಲಿನ ಚೌಕಕ್ಕೆ ಗುರುತು ಹಾಕಿದರೆ ಆ ಪುಟದ ಐವತ್ತು ಮಾತ್ರ ಆಯ್ಕೆಯಾಗುತ್ತದೆ. ನಾನು ಮೊದಲ ಎರಡು ದಿನ ಐವತ್ತೈವತ್ತೇ ಅಳಿಸಿದ ಪುಣ್ಯಾತ್ಮ. ಆಮೇಲೆ ಕಣ್ಣಿಗೆ ಬಿತ್ತು, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರುತ್ತದೆ: ಈ ಹುಡುಕಾಟಕ್ಕೆ ಹೊಂದುವ ಎಲ್ಲವನ್ನೂ ಆಯ್ದುಕೊಳ್ಳಲೇ ಎಂದು. ಅದನ್ನು ಒತ್ತಿದರೆ ನಾಲ್ಕು ಸಾವಿರವಾದರೂ ಒಂದೇ ಏಟಿಗೆ ಹೋಗುತ್ತದೆ.

ನಾಲ್ಕು ಖರೀದಿ ತಾಣಗಳಿಂದ 11,480. ಸ್ನೇಹಿತರ ಫೋಟೋಗೆ ಯಾರೋ ಲೈಕ್ ಒತ್ತಿದರು ಎಂದು ತಿಳಿಸುವ ಮೇಲ್‌ಗಳು 9,210. ಮಗ ಕಾಲೇಜು ಮುಗಿಸಿದಾಗ ನನ್ನ ವಿಳಾಸ ಕೊಟ್ಟು ಉದ್ಯೋಗ ತಾಣದಲ್ಲಿ ಹೆಸರು ಬರೆಸಿದ್ದ. ಅವನಿಗೆ ಕೆಲಸ ಸಿಕ್ಕಿ, ಎರಡು ಸಲ ಬದಲೂ ಆಗಿ, ಕೂದಲು ನೆರೆಯುತ್ತಿದೆ. ತಾಣ ಮಾತ್ರ 6,340 ಮೇಲ್ ಕಳಿಸಿ ಇನ್ನೂ ಆಸೆ ಬಿಟ್ಟಿಲ್ಲ. ಮಗಳ ಮದುವೆಗೆಂದು 2012ರಲ್ಲಿ ಒಂದು ವಧೂವರರ ತಾಣಕ್ಕೆ ಸೇರಿದ್ದೆ. ಮರುವರ್ಷವೇ ಮದುವೆಯಾಯಿತು, ಮೊಮ್ಮಗಳು ಈಗ ಐದನೇ ಕ್ಲಾಸು. "ನಿಮ್ಮ ಮಗಳಿಗೆ ಈ ವಾರ 12 ಹೊಸ ಸಂಬಂಧಗಳು" ಎಂದು 2,907 ಸಲ ಬರೆದಿದ್ದಾರೆ. ಇದನ್ನು ಅಳಿಯಂದಿರ ಮುಂದೆ ಹೇಳಿದಾಗ ನಕ್ಕರು, ಸ್ವಲ್ಪ ತಡೆದು ನಕ್ಕರು.

ಹೀಗೆ ಮೂವತ್ತು ಸಾವಿರದ ಹತ್ತಿರ ಅಳಿಸಿ ನೋಡಿದರೆ ಜಾಗದ ಲೆಕ್ಕ ಒಂದಿಷ್ಟೂ ಇಳಿದಿಲ್ಲ, 15ರಲ್ಲಿ 14.7 ಜಿಬಿ ಹಾಗೇ ಇದೆ. ಮೋಸ ಅಂತ ಮಗನಿಗೆ ಫೋನ್ ಮಾಡಿದೆ. "ಕಸದ ಬುಟ್ಟೀಲಿ ಹಾಕಿದ್ದೀರ ಅಪ್ಪ, ಬುಟ್ಟಿ ಇನ್ನೂ ಮನೆಯೊಳಗೇ ಇದೆ" ಅಂದ. ಮೂವತ್ತು ದಿನವಾದ ಮೇಲೆ ತಾನಾಗಿ ಖಾಲಿಯಾಗುತ್ತದಂತೆ, ಅವಸರವಿದ್ದರೆ ನಾವೇ ಖಾಲಿ ಮಾಡಬೇಕು. ಮಾಡಿದೆ. ಎರಡು ಜಿಬಿ ಇಳಿಯಿತು, ಅಷ್ಟೇ.

ಆಗ ನನಗೆ ಪಾರ್ಸೆಲ್ ಚೀಲ ನೆನಪಾಯಿತು. ಕಾಗದದ ಚೀಲ ಎಷ್ಟು ಇದ್ದರೂ ಒಬ್ಬ ಎತ್ತಬಹುದು. ಸೊಂಟ ಮುರಿಯುವುದು ಪಾರ್ಸೆಲ್ಲು. ಹುಡುಕುವ ಕಡೆ ಲಾರ್ಜರ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್, 10, ಆಮೇಲೆ ಎಂ ಅಕ್ಷರ ಹಾಕಿದರೆ ಹತ್ತು ಎಂಬಿಗಿಂತ ತೂಕದವು ಮಾತ್ರ ಹೊರಗೆ ಬರುತ್ತವೆ. ಸಿಕ್ಕಿದ್ದು 214. ತಮ್ಮನ ಮಗನ ಮದುವೆ ಫೋಟೋಗಳನ್ನು ಫೋಟೋದವನು ಒಂದು ಮೇಲಿಗೆ 25 ಎಂಬಿಯ ಮಿತಿ ಇದ್ದದ್ದರಿಂದ ಕಂತುಕಂತಾಗಿ ಕಳಿಸಿದ್ದ, ಅದೇ ಅರ್ಧ. ಬೇಕಾದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅವನ್ನು ತೆಗೆದಾಗ ಮೂರು ಜಿಬಿ ಖಾಲಿ. ಮೂವತ್ತು ಸಾವಿರ ಕಾಗದಕ್ಕಿಂತ ಇನ್ನೂರು ಪಾರ್ಸೆಲ್ ಭಾರ. ಅಂದರೆ ಜಾಗ ಸಾಲದ ತೊಂದರೆ ಬೇರೆ, ಬೇಕಾದ ಕಾಗದ ಕಣ್ಣಿಗೆ ಬೀಳದ ತೊಂದರೆ ಬೇರೆ. ಎರಡಕ್ಕೂ ಒಂದೇ ಮದ್ದು ಅಂತ ಕೂತರೆ ಎರಡೂ ವಾಸಿಯಾಗುವುದಿಲ್ಲ. 2021ರ ಜೂನ್‌ನಿಂದ ಫೋನಿನಿಂದ ಗೂಗಲ್ ಫೋಟೋಸ್‌ಗೆ ಹೋಗುವ ಫೋಟೋಗಳೂ ಇದೇ ಹದಿನೈದು ಜಿಬಿಯ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನೂ ನೆನಪಿಡಿ. ಡಬ್ಬಿ ಪೂರ್ತಿ ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ, ನಾವು ಕಳಿಸುವುದೂ ಹೋಗುವುದಿಲ್ಲ.

ನಮ್ಮ ಹತ್ತಿರ "ಮಿಸ್‌ಸೆಂಟ್" ಎಂದು ಒಂದು ಮುದ್ರೆ ಇತ್ತು, ತಪ್ಪಿ ಬೇರೆ ಊರಿಗೆ ಬಂದ ಕಾಗದಕ್ಕೆ ಒತ್ತಿ ಮುಂದೆ ಕಳಿಸಲು. ನನ್ನ ಡಬ್ಬಿಯಲ್ಲೂ ಅಂಥವು ನೂರಾರು ಸಿಕ್ಕವು. ನನ್ನದೇ ಹೆಸರಿನ ಯಾರೋ ಒಬ್ಬರು ಪುಣೆಯಲ್ಲಿದ್ದಾರೆ. ಜಿಮೇಲ್ ವಿಳಾಸದ ನಡುವಿನ ಚುಕ್ಕೆಗೆ ಬೆಲೆಯಿಲ್ಲ, ಹಾಕಿದರೂ ಒಂದೇ ಬಿಟ್ಟರೂ ಒಂದೇ. ಅವರು ತಮ್ಮ ವಿಳಾಸವನ್ನು ಎಲ್ಲೋ ತಪ್ಪಾಗಿ ಬರೆದುಕೊಡುತ್ತಿರಬೇಕು, ಅದು ಸೀದಾ ಅರಸೀಕೆರೆಗೆ ಬರುತ್ತಿದೆ. ಅವರ ಮಗುವಿನ ಶಾಲೆಯ ಶುಲ್ಕ ಬಾಕಿ ಇರುವುದೂ, ಅವರು ಜಿಮ್ಮಿಗೆ ಸೇರಿ ಎರಡೇ ತಿಂಗಳಿಗೆ ಬಿಟ್ಟದ್ದೂ ನನಗೆ ಗೊತ್ತು. ಇದು ನಾನಲ್ಲ ಎಂದು ಶಾಲೆಗೆ ಉತ್ತರ ಬರೆದೆ. ಆ ವಿಳಾಸಕ್ಕೆ ಬಂದ ಉತ್ತರವನ್ನು ಯಾರೂ ಓದುವುದಿಲ್ಲ ಎಂಬ ಉತ್ತರ ತಕ್ಷಣ ಬಂತು. ಕಾಗದ ಹಾಕುತ್ತಾರೆ, ಮರುಟಪಾಲು ತೆಗೆದುಕೊಳ್ಳುವುದಿಲ್ಲ! ಇಂಥ ಗಿರಾಕಿಯನ್ನು ನಾನು ಸರ್ವಿಸ್ಸಿನಲ್ಲಿ ನೋಡಿರಲಿಲ್ಲ.

ಎಲ್ಲಾ ಅಳಿಸಿಬಿಡಬೇಡಿ ಎಂದು ನಾನು ಹೇಳುವುದಕ್ಕೆ ಒಂದು ಕಾರಣವಿದೆ. ಎರಡನೇ ವಾರದಲ್ಲಿ, 2011ರ ಮೇಲ್‌ಗಳನ್ನು ನೋಡುತ್ತಿದ್ದಾಗ, ವಿಷಯದ ಸಾಲೇ ಇಲ್ಲದ ಒಂದು ಸಿಕ್ಕಿತು. ಒಳಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ತಲೆಯ ಮೇಲೆ ಗೆರೆ ಎಳೆದ ಅಕ್ಷರ, ಪೌಂಡಿನ ಗುರುತು, ಎಲ್ಲ ಕಲಸಿದ ಅರ್ಧ ಪುಟ. ಕಸವೆಂದು ಗುರುತು ಹಾಕಿಯೂ ಆಗಿತ್ತು. ಆದರೆ ಸಾಲುಗಳ ನಡುವೆ ಪ್ಯಾರಾ ಬಿಟ್ಟಿದ್ದರು, ಮೊದಲ ಸಾಲು ಚಿಕ್ಕದಿತ್ತು, ಕೊನೆಯದೂ ಚಿಕ್ಕದು. ಜಾಹೀರಾತಿನ ಮೈಕಟ್ಟು ಹಾಗಿರುವುದಿಲ್ಲ. ಅದು ಕಾಗದದ ಮೈಕಟ್ಟು. ಕಳಿಸಿದ ವಿಳಾಸ ನೋಡಿದೆ. ತಿಪಟೂರಿನ ಕಡೆ ಇದ್ದ ನಮ್ಮ ಅಣ್ಣನದು. 2016ರಲ್ಲಿ ತೀರಿಕೊಂಡರು.

ಅಣ್ಣ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಬ್ರೌಸಿಂಗ್ ಸೆಂಟರಿಗೆ ಹೋಗಿ ನುಡಿ ತಂತ್ರಾಂಶದಲ್ಲಿ ಟೈಪು ಕಲಿತಿದ್ದರು. ಆ ಕಾಲದ ನುಡಿಯಲ್ಲಿ ಹೊಡೆದ ಕನ್ನಡ, ಆ ಅಕ್ಷರಗುಚ್ಛ ಇಲ್ಲದ ಕಂಪ್ಯೂಟರಿನಲ್ಲಿ ಹೀಗೆ ಇಂಗ್ಲಿಷಿನ ಚೂರುಗಳಾಗಿ ಕಾಣುತ್ತದೆ ಎಂದು ಮಗ ಹೇಳಿದ. ಅದನ್ನು ಯೂನಿಕೋಡ್‌ಗೆ, ಅಂದರೆ ಈಗಿನ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರಕ್ಕೆ, ತಿರುಗಿಸುವ ತಾಣಗಳಿವೆ. ಕಾಪಿ ಮಾಡಿ ಹಾಕಿದೆ. ಕೆಲವು ಒತ್ತಕ್ಷರ ಹಾರಿಹೋಗಿದ್ದವು. ಮಿಕ್ಕಿದ್ದು ಓದಲು ಬಂತು:

"ಮೋಟಾರು ಸುಟ್ಟಿದೆ. ರಿವೈಂಡಿಂಗ್‌ಗೆ ಕೊಟ್ಟಿದ್ದೇನೆ, ಎಂಟು ದಿನ ಅಂದಿದ್ದಾನೆ. ಕೊಬ್ಬರಿ ರೇಟು ನೋಡಿಕೊಂಡು ಮಾರೋಣವೆಂದು ಅಟ್ಟದಲ್ಲೇ ಬಿಟ್ಟಿದ್ದೇನೆ. ಅಮ್ಮನ ತಾಮ್ರದ ಹಂಡೆ ನಿನ್ನ ಪಾಲಿಗೆ ಅಂತ ತೆಗೆದಿಟ್ಟಿದ್ದೇನೆ. ಹುಣ್ಣಿಮೆಗೆ ರಜ ಹಾಕಿ ಬಾ. ಇದು ಸರಿಯಾಗಿ ಬಂತೋ ಇಲ್ಲವೋ ತಿಳಿಸು."

ನಾನು ತಿಳಿಸಿರಲಿಲ್ಲ. ಆ ಮೇಲ್ ತೆರೆದೇ ಇರಲಿಲ್ಲ. ಹುಣ್ಣಿಮೆಗೆ ಹೋಗಿದ್ದೆನೋ ಇಲ್ಲವೋ ನೆನಪಿಗೆ ಬರುತ್ತಿಲ್ಲ. ಹಂಡೆ ಮಾತ್ರ ಆಮೇಲೆ ಅತ್ತಿಗೆ ಕಳಿಸಿಕೊಟ್ಟರು, ಹಿತ್ತಲಲ್ಲಿದೆ. 2023ರ ಡಿಸೆಂಬರಿನಿಂದ, ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಗೂಗಲ್‌ನವರು ತೆಗೆದುಹಾಕಬಹುದು ಎಂಬ ನಿಯಮ ಬಂದಿದೆ. ಅಣ್ಣನ ಖಾತೆ ಈಗ ಇರಲಾರದು. ಆ ಕಾಗದ ಉಳಿದಿದ್ದು ನನ್ನ ಕಸದೊಳಗೆ ಮಾತ್ರ. ವಿಳಾಸ ಓದಲಾಗದ ಕವರುಗಳನ್ನು ಬಿಡಿಸಿ ಓದುವುದರಲ್ಲಿ ನನಗೆ ಇಲಾಖೆಯಲ್ಲಿ ಒಳ್ಳೇ ಹೆಸರಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಇರಲಿ. ಇನ್ನು ಬರದ ಹಾಗೆ ಮಾಡುವ ವಿಚಾರ. ದೊಡ್ಡ ಪ್ರಮಾಣದಲ್ಲಿ, ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಮೇಲ್ ಕಳಿಸುವ ಜಾಹೀರಾತಿನವರು ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗುವ ಅನುಕೂಲ ಕೊಡಬೇಕು, ಬೇಡವೆಂದವರ ಹೆಸರನ್ನು ಎರಡು ದಿನದೊಳಗೆ ತೆಗೆಯಬೇಕು ಎಂದು ಗೂಗಲ್ ಮತ್ತು ಯಾಹೂ 2024ರಲ್ಲಿ ಕಟ್ಟಳೆ ಮಾಡಿವೆ. ಅದರಿಂದ ಉಪಯೋಗವಾಗಿದೆ, ಇಲ್ಲವೆನ್ನುವುದಿಲ್ಲ. 2025ರಿಂದ ಜಿಮೇಲ್‌ನ ಎಡಗಡೆಯ ಪಟ್ಟಿಯಲ್ಲಿ ಯಾರ್‍ಯಾರಿಗೆ ಚಂದಾದಾರರಾಗಿದ್ದೇವೆ ಎಂಬ ಪಟ್ಟಿಯೂ ಸಿಗುತ್ತದೆ. ಆದರೆ ಚಾಣಾಕ್ಷರು ಇದ್ದೇ ಇದ್ದಾರೆ. ಹಾಸನದ ಒಂದು ಬಟ್ಟೆ ಅಂಗಡಿಯಲ್ಲಿ ಎರಡು ಬನಿಯನ್ ಕೊಂಡಾಗ ಬಿಲ್ಲು ಹಾಕುವ ಹುಡುಗಿ ಮೇಲ್ ಐಡಿ ಕೇಳಿದಳು, ಕೊಟ್ಟೆ, ಅರ್ಧ ನಿಮಿಷ. ಅದನ್ನು ಬಿಡಿಸಿಕೊಳ್ಳಲು ನಾಲ್ಕು ಪುಟ ದಾಟಬೇಕಾಯಿತು. ಟ್ರಾಫಿಕ್ ಸಿಗ್ನಲ್ ಇರುವ ಚಿತ್ರ ಗುರುತಿಸಿ ಅಂದರು, ಏಕೆ ಹೋಗುತ್ತಿದ್ದೀರಿ ಅಂದರು, ಕೊನೆಗೆ ಕಣ್ಣೀರು ಹಾಕುವ ಗೊಂಬೆ ತೋರಿಸಿದರು. ಅಷ್ಟಾದ ಮೇಲೂ ಅದೇ ಅಂಗಡಿ "ಆಫರ್ಸ್" ಎಂಬ ಹೆಸರಿನಿಂದ ನಿಲ್ಲಿಸಿ "ಕೇರ್" ಎಂಬ ಹೆಸರಿನಿಂದ ಶುರು ಮಾಡಿತು.

ಒಂದು ಎಚ್ಚರಿಕೆ. ಗೊತ್ತಿರುವ ಅಂಗಡಿ, ಬ್ಯಾಂಕಿನ ಜಾಹೀರಾತಿಗೆ ಅನ್‌ಸಬ್‌ಸ್ಕ್ರೈಬ್ ಒತ್ತಿ. ಲಾಟರಿ ಬಂದಿದೆ, ಪಾರ್ಸೆಲ್ ತಡೆಹಿಡಿದಿದೆ ಎನ್ನುವ ಅಪರಿಚಿತರ ಮೇಲ್‌ನ ಒಳಗಿರುವ ಯಾವ ಕೊಂಡಿಯನ್ನೂ, ಅನ್‌ಸಬ್‌ಸ್ಕ್ರೈಬ್ ಎಂದಿದ್ದರೂ, ಒತ್ತಬೇಡಿ. ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ನಾವೇ ಹೇಳಿಕೊಟ್ಟಂತಾಗುತ್ತದೆ. ಅಂಥದ್ದನ್ನು ಸ್ಪ್ಯಾಮ್ ಎಂದು ಗುರುತು ಹಾಕಿ ಸುಮ್ಮನಾಗಬೇಕು.

ಈಗ ನಾನು ಈ ಕಾಗದ ಬರೆದ ಮುಖ್ಯ ಕಾರಣಕ್ಕೆ ಬರುತ್ತೇನೆ. ಹಿಂದೆ ಅಂಚೆಚೀಟಿ ಹಚ್ಚದೆ ಡಬ್ಬಿಗೆ ಹಾಕಿದ ಕಾಗದಕ್ಕೆ ಬೇರಿಂಗ್ ಎನ್ನುತ್ತಿದ್ದರು, ಹಿರಿಯ ಓದುಗರಿಗೆ ನೆನಪಿದ್ದೀತು. ಕಡಿಮೆ ಬಿದ್ದ ಹಣದ ಎರಡರಷ್ಟನ್ನು ಪಡೆಯುವವನು ತೆರಬೇಕಿತ್ತು. ಆದರೆ ಅವನಿಗೆ ಒಂದು ಹಕ್ಕಿತ್ತು. ಕವರು ತಿರುಗಿಸಿ ನೋಡಿ, ಬೇಡ ಅನ್ನಬಹುದು. ಪೋಸ್ಟ್‌ಮ್ಯಾನ್ "ರೆಫ್ಯೂಸ್ಡ್" ಎಂದು ಷರಾ ಬರೆದು ಒಯ್ಯುತ್ತಿದ್ದ. ಇವತ್ತಿನ ಜಾಹೀರಾತಿನ ಮೇಲ್‌ಗಳೆಲ್ಲ ಬೇರಿಂಗ್ ಕಾಗದಗಳೇ. ಒಂದು ಮೇಲ್ ಹೆಚ್ಚಿಗೆ ಕಳಿಸಲು ಕಂಪನಿಗೆ ಖರ್ಚೇ ಇಲ್ಲದಷ್ಟು ಕಡಿಮೆ. ಖರ್ಚು ನಮ್ಮದು. ನಮ್ಮ ಸಮಯ, ನಮ್ಮ ಜಾಗ. ಜಾಗ ಸಾಲದಿದ್ದರೆ ನೂರು ಜಿಬಿಗೆ ತಿಂಗಳಿಗೆ 130 ರೂಪಾಯಿ ಬಾಡಿಗೆ ಕಟ್ಟಿ ಅವರ ಜಾಹೀರಾತನ್ನು ನಾವು ಸಾಕಬೇಕು. ರೆಫ್ಯೂಸ್ಡ್ ಎನ್ನುವ ಮುದ್ರೆ ಮಾತ್ರ ನಮ್ಮ ಕೈಯಲ್ಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಅಚ್ಚು ಮಾಡಿದ ಜಾಹೀರಾತು, ಆಹ್ವಾನ ಪತ್ರಿಕೆಗಳನ್ನು ಕಡಿಮೆ ದರದಲ್ಲಿ ಕಳಿಸಬೇಕಾದರೆ ಕವರಿನ ಮೇಲೆ "ಬುಕ್ ಪೋಸ್ಟ್" ಎಂದು ಬರೆಯಬೇಕಿತ್ತು, ಬಾಯಿ ಅಂಟಿಸುವಂತಿರಲಿಲ್ಲ. ಬಂದಿದ್ದು ಏನೆಂದು ಒಡೆಯುವ ಮೊದಲೇ ತಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ಬುಕ್ ಪೋಸ್ಟ್ ಕಂಡರೆ ಮದುವೆ ಎಂದೇ ಲೆಕ್ಕ, ಇನ್‌ಲ್ಯಾಂಡ್ ಕಂಡರೆ ಸಮಾಚಾರ, ಟೆಲಿಗ್ರಾಂ ಕಂಡರೆ ಎದೆ ಧಸಕ್ಕೆನ್ನುವುದು.

ಇದು ಹಳೇ ಕಾಲದ ಹಂಬಲ ಎಂದು ತಳ್ಳಿಹಾಕಬೇಡಿ. ಎಸ್‌ಎಂಎಸ್ ವಿಚಾರದಲ್ಲಿ ಸರ್ಕಾರ ಇದನ್ನೇ ಮಾಡಿದೆ. 2025ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಕಂಪನಿಗಳ ಸಂದೇಶದ ಹೆಸರಿನ ಕೊನೆಗೆ ಒಂದು ಅಕ್ಷರ ಕಡ್ಡಾಯ ಮಾಡಿತು. ಜಾಹೀರಾತಾದರೆ ಪಿ, ಸೇವೆಯ ಮಾಹಿತಿಯಾದರೆ ಎಸ್, ನಾವು ಮಾಡಿದ ವಹಿವಾಟಿನದಾದರೆ ಟಿ, ಸರ್ಕಾರದ್ದಾದರೆ ಜಿ. ನಿಮ್ಮ ಫೋನು ತೆಗೆದು ನೋಡಿ, ಕಾಣುತ್ತದೆ. ಕಾಟ ಕೊಡುವ ಕರೆ, ಸಂದೇಶದ ಮೇಲೆ ದೂರಲು 1909 ಇದೆ. ಆ 1909ಕ್ಕೆ ಇ-ಮೇಲ್ ಬಗ್ಗೆ ದೂರಿದರೆ ತೆಗೆದುಕೊಳ್ಳುವುದಿಲ್ಲ, ಅದು ಅವರ ವ್ಯಾಪ್ತಿಯಲ್ಲಿಲ್ಲ. ನನ್ನ ವಿಮೆಯ ಮೂರು ಮೇಲ್‌ಗಳ ತಲೆಯ ಮೇಲೆ ಎಸ್ ಎಂದೋ, ಕಂತು ಎಂದು ಕನ್ನಡದಲ್ಲೋ ಒಂದು ಗುರುತಿದ್ದು, ಉಪ್ಪಿನಕಾಯಿಯ ಬುದ್ಧಿವಾದಕ್ಕೆ ಪಿ ಇದ್ದಿದ್ದರೆ ನನ್ನ ಕಣ್ಣಿಗೆ ಬೀಳುತ್ತಿತ್ತು. ವಿಮೆ, ಬ್ಯಾಂಕು, ವಿದ್ಯುತ್ ಕಂಪನಿ, ಪಿಂಚಣಿ ಕೊಡುವವರು, ಇವರೆಲ್ಲ ನೋಟೀಸು ಕಳಿಸುವ ವಿಳಾಸವನ್ನು ಜಾಹೀರಾತಿನ ವಿಳಾಸದಿಂದ ಬೇರೆ ಇಡಬೇಕು, ಗಡುವಿನ ತಾರೀಖನ್ನು ವಿಷಯದ ಸಾಲಿನಲ್ಲೇ, ಗಿರಾಕಿ ಕೇಳಿದ ಭಾಷೆಯಲ್ಲಿ ಬರೆಯಬೇಕು ಎಂಬಷ್ಟೇ ನನ್ನ ಬೇಡಿಕೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ.

ಕಾನೂನಿನ ದಾರಿ ಪೂರ್ತಿ ಮುಚ್ಚಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು ಎಂಬ ಮಾತಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವಿದೆ. ಬನಿಯನ್ ಅಂಗಡಿಯ ಅರ್ಧ ನಿಮಿಷ ಮತ್ತು ನಾಲ್ಕು ಪುಟದ ಕಥೆಯನ್ನು ನಾನು ತಾರೀಖು ಸಮೇತ ಬರೆದಿಟ್ಟುಕೊಂಡಿದ್ದೇನೆ. ಗಡುವು ಮುಗಿದ ದಿನ ದೂರು ಕೊಡಲಿಕ್ಕೆ.

ಈಗ ನನ್ನ ಇನ್‌ಬಾಕ್ಸ್‌ನಲ್ಲಿ ಐದು ಗೂಡು ಮಾಡಿದ್ದೇನೆ. ಫಿಲ್ಟರ್ ಎಂಬುದೊಂದಿದೆ, ಇಂಥವರಿಂದ ಬಂದದ್ದು ಇಂಥ ಗೂಡಿಗೆ ಎಂದು ಒಂದು ಸಲ ಹೇಳಿಟ್ಟರೆ ಹೆಡ್ ಸಾರ್ಟರ್ ಇಲ್ಲದೆಯೂ ತಾನೇ ವಿಂಗಡಿಸುತ್ತದೆ. ಪಿಂಚಣಿ, ಬ್ಯಾಂಕು, ವಿಮೆ, ಮನೆ, ಮನುಷ್ಯರು. ಮನೆ ಅಂದರೆ ಕರೆಂಟು, ಗ್ಯಾಸು, ಕಂದಾಯ. ಬೆಳಗ್ಗೆ ಕಾಫಿ ಆದ ಮೇಲೆ ಹತ್ತು ನಿಮಿಷ ಸಾಕು. "ಮನುಷ್ಯರು" ಗೂಡಿಗೆ ಹೋದ ತಿಂಗಳು ಬಂದದ್ದು ನಾಲ್ಕು. ಒಂದು ಹಳೇ ಸಹೋದ್ಯೋಗಿಯ ಪಿಂಚಣಿ ಸಂಶಯ, ಎರಡು ಮೊಮ್ಮಗಳು ಬಿಡಿಸಿದ ಚಿತ್ರ, ಇನ್ನೊಂದು ಪುಣೆಯ ನನ್ನ ಹೆಸರಿನವರದು. ಕೊನೆಗೂ ಅವರ ಫೋನ್ ನಂಬರು ಜಿಮ್ಮಿನ ರಸೀದಿಯಲ್ಲಿ ಸಿಕ್ಕಿ, ಶಾಲೆಯ ಶುಲ್ಕದ ವಿಚಾರ ಮುಟ್ಟಿಸಿದ್ದೆ. ಕಟ್ಟಿದರಂತೆ, ದಂಡ ಸೇರಿಸಿ.

ಹೊಸ ವಿಮೆಗೆ ಅರ್ಜಿ ಹಾಕಿದ್ದೇವೆ. ಮನೆಯವಳ ಮೊಣಕಾಲಿಗೆ ಸದ್ಯ ಎಣ್ಣೆ, ಬಿಸಿನೀರು.

ಈ ಪತ್ರದ ವಿಷಯದ ಸಾಲಿನಲ್ಲಿ "ಓದುಗರ ಪತ್ರ, ಅರಸೀಕೆರೆಯಿಂದ" ಎಂದು ಬರೆದಿದ್ದೇನೆ. ನಿಮ್ಮ ಡಬ್ಬಿಯಲ್ಲಿ ಎಷ್ಟು ಸಾವಿರದ ಕೆಳಗೆ ಬೀಳುತ್ತದೋ ತಿಳಿಯದು. ಹದಿನೈದು ದಿನ ನೋಡುತ್ತೇನೆ. ಬರದಿದ್ದರೆ ಇದನ್ನೇ ಕಾಗದದ ಮೇಲೆ ಬರೆದು ಹಾಕುತ್ತೇನೆ. ಇಪ್ಪತ್ತು ಗ್ರಾಂ ದಾಟುತ್ತದೆ, ಹತ್ತು ರೂಪಾಯಿ ಚೀಟಿ ಬೇಕಾಗಬಹುದು. ತೂಕ ಮಾಡಿಸಿಯೇ ಹಚ್ಚುತ್ತೇನೆ, ನಿಮಗೆ ಬೇರಿಂಗ್ ಬೀಳುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಾರ್ಟಿಂಗ್ ಅಸಿಸ್ಟೆಂಟ್, ಆರ್‌ಎಂಎಸ್
ಅರಸೀಕೆರೆ